ಟೋಲ್ ಹೆದ್ದಾರಿಯೂ ಗದ್ದೆಯ ಲೆಕ್ಕವೂ

ಬೆಂಗಳೂರು–ಮೈಸೂರು ನೈಸ್ ಟೋಲ್ ಹೆದ್ದಾರಿ ಯೋಜನೆಗೆ 1997ರ ಒಪ್ಪಂದದಲ್ಲಿ 20,193 ಎಕರೆ ಗೊತ್ತುಪಡಿಸಲಾಯಿತು. ಮುಖ್ಯ ರಸ್ತೆ 111 ಕಿ.ಮೀ. ಅಗಲ 90 ಮೀಟರ್ ಎಂದು ಹಿಡಿದರೂ ಅದಕ್ಕೆ 2,500 ಎಕರೆ ಸಾಕು. ವರ್ತುಲ ರಸ್ತೆ, ಕೂಡುರಸ್ತೆಗಳನ್ನು ಬಿಟ್ಟರೆ ಉಳಿದ ಬಹುಪಾಲು ಐದು ಉಪನಗರಗಳಿಗೆ. ವಾದವೆದ್ದದ್ದು ಇಲ್ಲಿಯೇ, ಎದ್ದದ್ದು ಸಹಜವೂ ಹೌದು. 2006ರಲ್ಲಿ ಸುಪ್ರೀಂ ಕೋರ್ಟು ಯೋಜನೆಯನ್ನು ಎತ್ತಿಹಿಡಿಯಿತು.

ಇಂಥ ರಸ್ತೆ ಮುಂಡಗೋಡದ ಭತ್ತದ ಗದ್ದೆಯನ್ನು ನೂರು ಮೀಟರ್ ಸೀಳಿದರೆ 2 ಎಕರೆ 9 ಗುಂಟೆ ಹೋಗುತ್ತದೆ. ಎತ್ತರಿಸಿದ ರಸ್ತೆಯು ಮಳೆನೀರನ್ನು ತಡೆದು ಮೇಲಿನ ಗದ್ದೆ ಜವಳಾಗುವ ನಷ್ಟ ಬೇರೆ. ರಾಷ್ಟ್ರೀಯ ಹೆದ್ದಾರಿಯಾದರೆ ಪ್ರಕಟಣೆಯಾದ 21 ದಿನಗಳೊಳಗೆ ಲಿಖಿತ ತಕರಾರು ಸಲ್ಲಿಸಬೇಕು. ಸರ್ವೆ ನಂಬರು, ಗುಂಟೆಗಳನ್ನು ತಾಳೆನೋಡಿ, ಬಾವಿ, ಮರ, ಕಾಲುವೆಗಳನ್ನು ನಮೂದಿಸಿ, ಮೋರಿ ಎಲ್ಲಿ ಬೇಕೆಂಬುದನ್ನೂ ಅದರಲ್ಲಿಯೇ ಬರೆಯುವುದು ಸೂಕ್ತ.