ಪರದೆ ಹೇಳದ್ದನ್ನು ಬರೆಯಿರಿ

ಹೈದರಾಬಾದಿನಲ್ಲಿ ಸೈಬರ್ ಟವರ್ಸ್ ಬಾಗಿಲು ತೆರೆದದ್ದು 1998ರಲ್ಲಿ. ತಂತ್ರಾಂಶದ ಕೆಲಸ ಹುಡುಕಿ ಈ ಊರಿಗೆ ಬಂದ ಕನ್ನಡಿಗರಲ್ಲಿ ಕೈಪಿಡಿ ಬರೆಯುವವರೂ ಇದ್ದಾರೆ. ಆ ಕೆಲಸಕ್ಕೆ ಹೊಸಬರಾದವರಿಗೆ ಈ ಮಾತುಗಳು. ಉದಾಹರಣೆಗೆ ತೆಲಂಗಾಣದ ಜಮೀನು ದಾಖಲೆಯನ್ನೇ ಆರಿಸಿಕೊಂಡಿದ್ದೇನೆ. ಇಲ್ಲಿ ಓದಿದ್ದು ತಪ್ಪಾಗಿ ಅರ್ಥವಾದರೆ ಕೈತಪ್ಪುವುದು ಹೊಲ.

1. ಕಣ್ಣಿಗೆ ಕಾಣುವುದನ್ನು ಬರೆಯಬೇಡಿ. ‘ಹೆಸರು ತುಂಬಿ, ಸಲ್ಲಿಸು ಒತ್ತಿ’ ಎಂಬುದನ್ನು ಪರದೆಯೇ ಹೇಳುತ್ತದೆ.

2. ಅಂಕಿಯನ್ನು ಬಿಡಿಸಿ ಹೇಳಿ. ವಿಸ್ತೀರ್ಣ 2.20 ಎಂದಿದೆ. ಶಾಲೆಯ ಲೆಕ್ಕದಲ್ಲಿ ಅದು ಎರಡೂಕಾಲು ಎಕರೆಗೂ ಕಡಿಮೆ. ಆದರೆ ಚುಕ್ಕಿಯ ಆಚೆಗಿರುವುದು ಗುಂಟೆ, ಎಕರೆಗೆ 40 ಗುಂಟೆ. ಹಾಗಾಗಿ ಅದು ಎರಡೂವರೆ ಎಕರೆ! 2.39ಕ್ಕೆ ಒಂದು ಗುಂಟೆ ಕೂಡಿಸಿದರೆ 3.00. ಊರಿನ ಹಿರಿಯರಿಗೆ ಇದು ಬಾಯಿಪಾಠ. ಲ್ಯಾಪ್‌ಟಾಪ್‌ನಲ್ಲಿ ಅಪ್ಪನ ಜಮೀನು ನೋಡುತ್ತಿರುವ ಮಗಳಿಗೆ ಯಾರು ಹೇಳಬೇಕು? ಹೈದರಾಬಾದಿನವರು ನಿವೇಶನವನ್ನು ಗಜದಲ್ಲಿ ಅಳೆಯುತ್ತಾರೆ, ಬೆಂಗಳೂರಿನವರು ಚದರ ಅಡಿಯಲ್ಲಿ. ಗುಂಟೆಗೆ 121 ಚದರ ಗಜ, ಅಂದರೆ 1089 ಚದರ ಅಡಿ ಎಂದು ಒಂದು ಸಾಲು ಸೇರಿಸಿ. ನಮ್ಮ ಕರ್ನಾಟಕದ ಪಹಣಿಯ ‘ಬಿ ಖರಾಬು’ ಕೂಡ ಹೀಗೆಯೇ. ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ ಎಂಬುದು ಆ ಎರಡು ಪದಗಳಲ್ಲಿ ಎಲ್ಲೂ ಕಾಣುವುದಿಲ್ಲ.

3. ಓದುಗರು ಹೊತ್ತು ತರುವ ರೂಢಿಯನ್ನು ನೆನಪಿಡಿ. ಕರ್ನಾಟಕದಲ್ಲಿ ನೋಂದಣಿ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ, ಖಾತೆ ಬದಲಾವಣೆ ಆಮೇಲೆ ಕಂದಾಯ ಇಲಾಖೆಯಲ್ಲಿ. 2020ರ ಅಕ್ಟೋಬರ್ 29ರಂದು ತೆಲಂಗಾಣ ತಂದ ಧರಣಿ ಜಾಲತಾಣದಲ್ಲಿ ಕೃಷಿ ಜಮೀನಿಗೆ ಎರಡನ್ನೂ ತಹಶೀಲ್ದಾರರೇ ಒಟ್ಟಿಗೆ ಮಾಡುತ್ತಿದ್ದರು. ಬೀದರ್‌ನಿಂದ ಬಂದವರಿಗೆ ಬೇಕಿದ್ದದ್ದು ಈ ವ್ಯತ್ಯಾಸದ ವಿವರಣೆ.

4. ಹೆಸರೇ ಅರ್ಥವಾಗದಿದ್ದರೆ ವಿವರಣೆ ಬರೆಯಲು ಕೂರಬೇಡಿ, ಹೆಸರು ಬದಲಿಸಲು ಹಟ ಹಿಡಿಯಿರಿ. ಧರಣಿಯಲ್ಲಿ ಜಮೀನಿನ ಪಾಸ್‌ಬುಕ್ಕಿನ ತಪ್ಪು ತಿದ್ದುವ ಅರ್ಜಿ ಜನರ ಬಾಯಲ್ಲಿ ‘ಟಿಎಂ 33’ ಆಗಿತ್ತು. ರೈತರು ನೆನಪಿಡಬೇಕಾದ ಹೆಸರೇ ಅದು?

5. ‘ಆಗುವುದಿಲ್ಲ’ ಎಂದ ಮೇಲೆ ಮುಂದೇನು, ಬರೆಯಿರಿ. ಜಮೀನು ನಿಷೇಧಿತ ಪಟ್ಟಿಯಲ್ಲಿದೆ ಎಂದು ಪರದೆ ತೋರಿಸುತ್ತದೆ. ಅದು ನೋಂದಣಿ ಕಾಯ್ದೆಯ 22-ಎ ಪಟ್ಟಿ. ಸರ್ಕಾರಿ, ದೇವಸ್ಥಾನದ, ವಕ್ಫ್ ಜಮೀನುಗಳು ಅದರಲ್ಲಿರುತ್ತವೆ. ನಿಮ್ಮದು ತಪ್ಪಾಗಿ ಸೇರಿದ್ದರೆ ಯಾರ ಬಳಿ, ಯಾವ ಕಾಗದದೊಂದಿಗೆ ಹೋಗಬೇಕು? ಕೈಪಿಡಿಯ ಅತ್ಯಂತ ಉದ್ದದ ಪುಟ ಇದೇ ಆಗಲಿ.

6. ಪರದೆಯ ಚಿತ್ರಗಳನ್ನು ಕಡಿಮೆ ಮಾಡಿ. 2025ರ ಏಪ್ರಿಲ್ 14ರಂದು ಧರಣಿಯ ಜಾಗಕ್ಕೆ ಭೂ ಭಾರತಿ ಬಂತು. ಹಳೆಯ ಚಿತ್ರಗಳು ವ್ಯರ್ಥವಾದವು, ಎಕರೆಗೆ 40 ಗುಂಟೆ ಮಾತ್ರ ಹಾಗೆಯೇ ಉಳಿಯಿತು.

7. ಬರೆಯುವ ಮುನ್ನ ಒಂದು ಬೆಳಗ್ಗೆ ಸರ್ಕಾರಿ ಸೇವೆ ಒದಗಿಸುವ ಮೀಸೇವಾ ಕೇಂದ್ರದ ಸಾಲಿನಲ್ಲಿ ನಿಲ್ಲಿ. ಅಲ್ಲಿ ಕಿವಿಗೆ ಬಿದ್ದ ಪ್ರಶ್ನೆಗಳನ್ನು ಜನರ ಮಾತಿನಲ್ಲೇ ಅಧ್ಯಾಯದ ತಲೆಬರಹ ಮಾಡಿ.