ಗಾಡಿ ನೀರು ಕುಡಿಯುತ್ತಿದೆಯೇ? ಹೆಡ್ ಇಳಿಸುವ ಮೊದಲು ನೋಡಿ

ನಮ್ಮದು ಗುಬ್ಬಿ ತಾಲ್ಲೂಕಿನ ಖುಷ್ಕಿ ಜಮೀನು. ರಾಗಿ, ಅವರೆ, ಬದುವಿನ ಮೇಲೆ ಹುಣಸೆ. ಮಾಲು ಸಾಗಿಸಲು ಹಳೇ ಮಾರುತಿ ಓಮ್ನಿ ಇಟ್ಟುಕೊಂಡಿದ್ದೇನೆ. ಈ ಗಾಡಿಯ ತಯಾರಿಕೆ 2019ರಲ್ಲೇ ನಿಂತಿತು. ಆದರೂ ನಮ್ಮ ಕಡೆ ಇನ್ನೂ ಓಡುತ್ತಿವೆ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಮುಂದಿನ ಸೀಟಿನ ಕೆಳಗೇ ಇದೆ.

ಒಂದು ಸಲ ಹುಣಸೆ ತುಂಬಿಕೊಂಡು ತುಮಕೂರಿನ ಬಟವಾಡಿ ಎಪಿಎಂಸಿಗೆ ಹೊರಟಿದ್ದೆ. ದಾರಿಯಲ್ಲೇ ಹೀಟ್ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಸೀಟಿನಡಿಯಿಂದ ಹಬೆ. ಮೆಕ್ಯಾನಿಕ್ ನೋಡಿದವರೇ "ಹೆಡ್ ಗ್ಯಾಸ್ಕೆಟ್ ಹೋಗಿದೆ" ಅಂದರು. ಹಾಕಿಸಿದೆ. ಎರಡೇ ತಿಂಗಳು. ಕುಣಿಗಲ್ಲಿಗೆ ಮದುವೆಗೆ ಹೋಗುವಾಗ ಹೆಬ್ಬೂರಿನ ಹತ್ತಿರ ಮತ್ತೆ ಅದೇ ಕಥೆ. ಎರಡನೇ ಸಲ ತುಮಕೂರಿನ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಕೇಳಿದ್ದು ಒಂದೇ ಮಾತು: "ಯಜಮಾನ್ರೇ, ನೀರು ಎಲ್ಲಿಗೆ ಹೋಗ್ತಿತ್ತು ಅಂತ ನೋಡಿದ್ರಾ?"

ನಾನೂ ನೋಡಿರಲಿಲ್ಲ, ಮೊದಲನೆಯವರೂ ನೋಡಿರಲಿಲ್ಲ. ಆ ವರ್ಷದ ಹುಣಸೆ ದುಡ್ಡು ಎರಡು ಸಲ ಹೆಡ್ ಇಳಿಸುವುದಕ್ಕೇ ಹೋಯಿತು. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಗ್ಯಾಸ್ಕೆಟ್ ಅಂದರೇನು?

ಎಂಜಿನ್ನಿನ ಕೆಳಭಾಗ ಬ್ಲಾಕ್, ಮೇಲಿನ ಮುಚ್ಚಳ ಹೆಡ್. ನಡುವೆ ಇರುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಬೆಂಕಿ, ನೀರು, ಆಯಿಲ್ ಮೂರೂ ಒಂದಕ್ಕೊಂದು ಸೇರದಂತೆ ಇದು ತಡೆಯುತ್ತದೆ. ಓಮ್ನಿಯ ಹೆಡ್ ಅಲ್ಯೂಮಿನಿಯಮ್ಮಿನದು. ವಿಪರೀತ ಕಾದರೆ ಅದು ಸೊಟ್ಟಗಾಗುತ್ತದೆ. ಆಗ ಸಂದು ಬಿಟ್ಟು ಗ್ಯಾಸ್ಕೆಟ್ ಸುಡುತ್ತದೆ. ಎಷ್ಟೋ ಸಲ ಗ್ಯಾಸ್ಕೆಟ್ ಸುಡುವುದು ರೋಗವಲ್ಲ, ರೋಗದ ಫಲ.

ಮೊದಲು ಹೊರಗೆ ಹುಡುಕಿ

ಕೆರೆ ಬತ್ತಿದರೆ ಮೊದಲು ಏರಿ, ತೂಬು ನೋಡುತ್ತೇವಲ್ಲ, ಹಾಗೆಯೇ.

1. ರಾತ್ರಿ ಗಾಡಿಯ ಅಡಿಗೆ ರಟ್ಟು ಹಾಸಿ. ಬೆಳಿಗ್ಗೆ ಎಲ್ಲಿ ಒದ್ದೆ ಇದೆ ನೋಡಿ.
2. ರಬ್ಬರ್ ಪೈಪುಗಳ ಕ್ಲಿಪ್ಪಿನ ಬಳಿ ಬಿಳಿ ಇಲ್ಲವೇ ಹಸಿರು ಕಲೆ ಇದ್ದರೆ ಅಲ್ಲಿ ಸೋರುತ್ತಿದೆ.
3. ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ನೀರು ತೊಟ್ಟಿಕ್ಕಿದರೆ ಪಂಪಿನ ಸೀಲ್ ಹೋಗಿದೆ.
4. ರೇಡಿಯೇಟರ್ ಮುಚ್ಚಳದ ರಬ್ಬರು, ಸ್ಪ್ರಿಂಗ್ ನೋಡಿ. ಈ ಮುಚ್ಚಳ ಒತ್ತಡ ಹಿಡಿದಿಡುವುದರಿಂದಲೇ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಅದು ಸಡಿಲವಾದರೆ ನೀರು ಉಕ್ಕಿ ಹೋಗುತ್ತದೆ.

ಕಾದ ಗಾಡಿಯ ಮುಚ್ಚಳವನ್ನು ಎಂದೂ ತೆಗೆಯಬೇಡಿ, ಮುಖ ಬೇಯುತ್ತದೆ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಲೂ ಬೇಡಿ. ಹೆಡ್ ಸೀಳಬಹುದು.

ಒಳಗೆ ಹೋಗುತ್ತಿದ್ದರೆ

ಹೊರಗೆ ಏನೂ ಸಿಗದಿದ್ದರೆ ತಣ್ಣಗಿರುವಾಗ ಮುಚ್ಚಳ ತೆಗೆದು, ನೀರು ತುಂಬಿಸಿ ಗಾಡಿ ಚಾಲೂ ಮಾಡಿ. ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ರೇಸ್ ಕೊಟ್ಟಾಗ ಹೆಚ್ಚಿದರೆ, ಸಿಲಿಂಡರಿನ ಗಾಳಿ ನೀರಿಗೆ ಸೇರುತ್ತಿದೆ. ಆಯಿಲ್ ಕಡ್ಡಿಯಲ್ಲಿ ಆಯಿಲ್ ಹಾಲು ಬೆರೆತ ಟೀ ಬಣ್ಣಕ್ಕೆ ತಿರುಗಿದ್ದರೆ ನೀರು ಆಯಿಲಿಗೆ ಸೇರಿದೆ, ಗಾಡಿ ಓಡಿಸಬೇಡಿ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನಲ್ಲಿ ಸ್ವಲ್ಪ ಹಬೆ ಬರುವುದು ಸಹಜ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮಾತ್ರ ಅನುಮಾನ ಪಡಿ.

ಹೆಡ್ ಇಳಿಸುವಾಗ ಎದುರಿಗೇ ನಿಲ್ಲಿ

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಟೈಮಿಂಗ್ ಬೆಲ್ಟಿನ ಗುರುತು ನೋಡಿಕೊಂಡೇ ಬೆಲ್ಟ್ ಬಿಚ್ಚಬೇಕು. ಹೆಡ್ಡಿನ ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಇಳಿಸಿದ ಹೆಡ್ಡಿನ ಮೇಲೆ ನೇರ ಉಕ್ಕಿನ ಪಟ್ಟಿಯನ್ನು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಬೇಕು. ಈ ಎಂಜಿನ್ನಿಗೆ 0.05 ಮಿ.ಮೀ.ಗಿಂತ ಹೆಚ್ಚು ಸೊಟ್ಟ ಇರಬಾರದು. ಇದ್ದರೆ ಲೇತಿನವರ ಹತ್ತಿರ ಫೇಸಿಂಗ್ ಮಾಡಿಸಲೇಬೇಕು. ನನ್ನ ಗಾಡಿಯಲ್ಲಿ ಮೊದಲ ಸಲ ಬಿಟ್ಟಿದ್ದು ಇದನ್ನೇ.

ಜೋಡಿಸುವ ಮುಂಚೆ ಎರಡೂ ಮುಖ ಚೊಕ್ಕಟವಾಗಿರಬೇಕು. ಬೋಲ್ಟಿನ ತೂತುಗಳಲ್ಲಿ ನೀರು, ಆಯಿಲ್ ನಿಂತಿರಬಾರದು. ಹಳೇ ಗ್ಯಾಸ್ಕೆಟ್ ಮತ್ತೆ ಹಾಕಬಾರದು. ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಕಂಪನಿ ಪುಸ್ತಕದ ಅಳತೆಗೆ ಟಾರ್ಕ್ ಪಾನಾದಿಂದಲೇ ಬಿಗಿಯಬೇಕು. ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ. ಕೊನೆಗೆ ಹೊಸ ಆಯಿಲ್, ಹೊಸ ಕೂಲೆಂಟ್ ಹಾಕಿ, ಒಳಗೆ ಸಿಕ್ಕಿದ ಗಾಳಿ ಬಿಡಿಸಬೇಕು.

ಬೋರಿನ ನೀರು ಬೇಡ

ನನ್ನ ಗಾಡಿಯ ನಿಜವಾದ ರೋಗ ರೇಡಿಯೇಟರಿನಲ್ಲಿತ್ತು. ಮೂರು ವರ್ಷ ಬೋರ್‌ವೆಲ್ ನೀರನ್ನೇ ಸುರಿದಿದ್ದೆ. ಸ್ನಾನದ ಹಂಡೆಯೊಳಗೆ ಕಟ್ಟುವ ಬಿಳಿ ಹೊಪ್ಪಳಿಕೆ ನೋಡಿದ್ದೀರಲ್ಲ, ಅದೇ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳನ್ನು ಕಟ್ಟಿಹಾಕಿತ್ತು. ಅದನ್ನು ಸರಿಮಾಡದೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಸುಡುವುದೇ. ಈಗ ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅರ್ಧ ಬೆರೆಸಿ ಹಾಕುತ್ತೇನೆ. ಬೆರೆಸಿಯೇ ಮಾರುವ ಕೂಲೆಂಟ್ ಆದರೆ ನೀರು ಸೇರಿಸಬೇಕಿಲ್ಲ.

ಒಂದು ಎಚ್ಚರಿಕೆ. ಕೂಲೆಂಟ್ ಸಿಹಿಯಾಗಿರುವ ವಿಷ. ನಾಯಿ, ಕರು ನೆಕ್ಕಿದರೆ ಸಾಯಬಹುದು. ಇಳಿಸಿದ ಕೂಲೆಂಟನ್ನು ಕೊಟ್ಟಿಗೆ, ಬಾವಿಯ ಹತ್ತಿರ ಚೆಲ್ಲದೆ ಕ್ಯಾನಿನಲ್ಲಿ ಹಿಡಿದು ಗ್ಯಾರೇಜಿಗೇ ಕೊಡಿ.

ವಾರಕ್ಕೊಮ್ಮೆ, ತಣ್ಣಗಿರುವಾಗ, ನೀರಿನ ಮಟ್ಟ ನೋಡಿ. ಕಡಿಮೆಯಾಗಿದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡಿ. ಎಲ್ಲಿಗೆ ಹೋಯಿತು ಎಂದು ಅಂದೇ ಹುಡುಕಿ.