ಮೈಸೂರಿನ ಲೈಸೆನ್ಸ್, ಮ್ಯಾಂಚೆಸ್ಟರಿನ ರಸ್ತೆ

ಕೆಲಸಕ್ಕೆಂದು ಮೈಸೂರಿನಿಂದ ಮ್ಯಾಂಚೆಸ್ಟರಿಗೆ ಹೊರಟಿರುವ ಓದುಗರೊಬ್ಬರ ಪ್ರಶ್ನೆ ಎರಡು: ಇಲ್ಲಿನ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ? ಹೋದ ತಕ್ಷಣ ಹಳೆಯ ಕಾರು ಕೊಳ್ಳಬಹುದೇ?

ಲೈಸೆನ್ಸ್ ನಡೆಯುತ್ತದೆ, ಆದರೆ ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ. ಪರೀಕ್ಷೆಯಿಲ್ಲದೆ ಲೈಸೆನ್ಸ್ ಬದಲಾಯಿಸಿಕೊಡುವ ದೇಶಗಳ ಪಟ್ಟಿಯಲ್ಲಿ ಭಾರತವನ್ನು ಬ್ರಿಟನ್ ಸೇರಿಸಿಲ್ಲ. ಹಾಗಾಗಿ ಮೊದಲು ಪ್ರಾವಿಷನಲ್ ಲೈಸೆನ್ಸ್, ನಂತರ ಥಿಯರಿ, ಆಮೇಲೆ ರಸ್ತೆ ಪರೀಕ್ಷೆ. ದಿನಾಂಕ ಸಿಗಲು ಎಷ್ಟೋ ಕಡೆ ತಿಂಗಳುಗಟ್ಟಲೆ ಕಾಯಬೇಕು. ಹನ್ನೊಂದನೇ ತಿಂಗಳಲ್ಲಿ ಎಚ್ಚೆತ್ತರೆ ಕಾರು ಮನೆಮುಂದೆಯೇ ನಿಲ್ಲುತ್ತದೆ.

ಎಡಬದಿಯ ಸಂಚಾರ ರೂಢಿಯಲ್ಲೇ ಇದೆ. ನಮ್ಮವರು ಎಡವುವುದು ವೃತ್ತಗಳಲ್ಲಿ. ಅಲ್ಲಿ ಬಲದಿಂದ ಬರುವ ವಾಹನಕ್ಕೆ ದಾರಿ ಬಿಡಬೇಕು. ವೇಗಮಿತಿ ಫಲಕದ 30 ಎಂದರೆ ಗಂಟೆಗೆ 30 ಮೈಲಿ, ಸುಮಾರು 48 ಕಿ.ಮೀ.

ಕಾರಿನ ವಿಷಯದಲ್ಲಿ ಅವಸರ ಬೇಡವೇ ಬೇಡ. ಇಂಗ್ಲೆಂಡಿನಲ್ಲಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿವರ್ಷ ಎಂಒಟಿ ತಪಾಸಣೆ ಕಡ್ಡಾಯ. ಕಾರಿನ ನಂಬರ್ ಕೊಟ್ಟರೆ ಸಾಕು, ಹಿಂದಿನ ತಪಾಸಣೆಗಳಲ್ಲಿ ಕಂಡ ದೋಷಗಳು, ಆಗ ಓಡಿದ್ದ ಮೈಲಿ ಎಲ್ಲವೂ ಸರ್ಕಾರಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮೈಲಿ ಲೆಕ್ಕ ನಡುವೆ ಇಳಿದಿದ್ದರೆ ಆ ಕಾರನ್ನು ಬಿಟ್ಟುಬಿಡುವುದೇ ಲೇಸು. ವಿ5ಸಿ ಎಂಬ ನೋಂದಣಿ ಪತ್ರ ಮಾಲೀಕತ್ವಕ್ಕೆ ಪುರಾವೆಯಲ್ಲ, ಅದರಲ್ಲಿರುವುದು ನೋಂದಾಯಿತ ಕೀಪರ್ ಹೆಸರು. ಸಾಲ ಬಾಕಿಯಿದೆಯೇ ಎಂದು ಒಂದಿಷ್ಟು ಹಣ ಕೊಟ್ಟಾದರೂ ಬೇರೆಯಾಗಿ ಪರಿಶೀಲಿಸಬೇಕು. 2014ರ ಅಕ್ಟೋಬರಿನಿಂದ ರಸ್ತೆ ತೆರಿಗೆಯೂ ಕಾರಿನ ಜೊತೆ ಹೊಸಬರಿಗೆ ವರ್ಗವಾಗುವುದಿಲ್ಲ.

ವಿಮೆಯಿಲ್ಲದೆ ಮನೆತನಕವೂ ಓಡಿಸುವಂತಿಲ್ಲ. ಹೊಸಬರಿಗೆ ಅದು ದುಬಾರಿ, ಹಾಗಾಗಿ ಮುಂಗಡ ಕೊಡುವ ಮೊದಲೇ ಆ ನಂಬರಿಗೆ ದರ ವಿಚಾರಿಸಬೇಕು. ಭಾರತದ ನೋ ಕ್ಲೇಮ್ ಪತ್ರವನ್ನು ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಆದರೂ ಹೊರಡುವ ಮುನ್ನ ಬರೆಸಿಕೊಂಡಿರುವುದು ಒಳ್ಳೆಯದು.